ಪಿಯುಸಿ ನಿಂತುಹೋದರೆ ಮುಂದೇನು? ವರ್ಷ ಬಿಟ್ಟು ಸಬ್ಜೆಕ್ಟ್ ಎಣಿಸಿ ನೋಡಿ

ನಮ್ಮ ಕುಟುಂಬದಲ್ಲಿ ಅರ್ಜಿ ತುಂಬುವ ಕೆಲಸ ಹೇಗೋ ನನ್ನ ಪಾಲಿಗೆ ಬಂದುಬಿಟ್ಟಿದೆ. ಹಾಗಾಗಿ ಸೆಕೆಂಡ್ ಪಿಯು ರಿಸಲ್ಟ್ ಬಂದ ದಿನ ಯಾರಾದರೊಬ್ಬರು ಫೋನ್ ಮಾಡೇ ಮಾಡುತ್ತಾರೆ. ಚಿಕ್ಕಮ್ಮನೋ, ಮಾವನೋ, ಅವರ ಪಕ್ಕದ ಮನೆಯವರೋ. ಮಾತು ಶುರುವಾಗೋದು ಒಂದೇ ಥರ: "ಒಂದು ವರ್ಷ ಹಾಳಾಯ್ತಲ್ಲಪ್ಪಾ." ಎಷ್ಟು ಸಬ್ಜೆಕ್ಟ್ ಹೋಯ್ತು ಅಂತ ಕೇಳಿದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಯಾರನ್ನೋ ಕೂಗಿ ಕೇಳಿ, "ಎರಡಂತೆ" ಅನ್ನುತ್ತಾರೆ.

ಎರಡು ಸಬ್ಜೆಕ್ಟ್ ಹೋದರೆ ಎರಡು ಸಬ್ಜೆಕ್ಟ್ ಹೋಯ್ತು, ಅಷ್ಟೇ. ವರ್ಷ ಹೋಗಲೇಬೇಕು ಅಂತ ಯಾವ ನಿಯಮವೂ ಇಲ್ಲ. ನಮ್ಮ ಮನೆಗಳಲ್ಲಿ ಇನ್ನೂ ಹಳೇ ಲೆಕ್ಕವೇ ನಡೀತಾ ಇದೆ. ಪಾಸಾದರೆ ಮುಂದಕ್ಕೆ, ಫೇಲಾದರೆ ಮನೇಲಿ ಒಂದು ವರ್ಷ. ಪರೀಕ್ಷೆ ನಡೆಸುವವರು ಮಾತ್ರ ಸಬ್ಜೆಕ್ಟ್ ಲೆಕ್ಕಕ್ಕೆ ಬಂದು ತುಂಬಾ ದಿನವಾಯಿತು.

ಮೊದಲು ನಮ್ಮ ಕರ್ನಾಟಕದ ಪಿಯುಸಿಯನ್ನೇ ನೋಡೋಣ. ಒಟ್ಟು ಆರು ಸಬ್ಜೆಕ್ಟ್, ಎರಡು ಭಾಷೆ ಮತ್ತು ನಾಲ್ಕು ಐಚ್ಛಿಕ ವಿಷಯ. ಪಾಸಾದ ಸಬ್ಜೆಕ್ಟ್ ಪಾಸಾದ ಹಾಗೇ ಉಳಿಯುತ್ತದೆ. ಹೋಗಿದ್ದನ್ನು ಮಾತ್ರ ಮತ್ತೆ ಬರೆದರೆ ಸಾಕು, ಅದಕ್ಕಾಗಿ ಕಾಲೇಜಿನಲ್ಲಿ ಮತ್ತೆ ಕೂರಬೇಕಿಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಹಿಂದೆ ಇದ್ದ ಸಪ್ಲಿಮೆಂಟರಿ ಅನ್ನೋ ಹೆಸರು ಹೋಗಿ ಪರೀಕ್ಷೆ 1, ಪರೀಕ್ಷೆ 2 ಅಂತ ಆಗಿದೆ. ಮೊದಲನೆಯದು ಮಾರ್ಚ್ ಸುಮಾರಿಗೆ, ಎರಡನೆಯದು ಏಪ್ರಿಲ್ ಕೊನೆ ಅಥವಾ ಮೇ ಹೊತ್ತಿಗೆ. 2024, 2025ರಲ್ಲಿ ಜೂನ್ ಆಸುಪಾಸಿಗೆ ಮೂರನೆಯದೂ ನಡೆದಿತ್ತು. ಇವುಗಳಲ್ಲಿ ಯಾವುದರಲ್ಲಿ ಜಾಸ್ತಿ ಅಂಕ ಬರುತ್ತದೋ ಅದನ್ನೇ ಉಳಿಸಿಕೊಳ್ಳಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹಾಗಾಗಿ ಎರಡನೇ ಪರೀಕ್ಷೆಯ ಹಾಲ್‌ನಲ್ಲಿ ಕೂತವರೆಲ್ಲ ಫೇಲಾದವರು ಅಂತ ಈಗ ಯಾರೂ ಹೇಳೋಕಾಗಲ್ಲ. ಹುಡುಗರ ಮನಸ್ಸಿಗೆ ಇದು ಸಣ್ಣ ಸಮಾಧಾನ ಏನಲ್ಲ.

ಪಾಸಿನ ಗೆರೆಯೂ ಕೆಳಗಿಳಿದಿದೆ. ಮುಂಚೆ 35 ಅಂತ ಇತ್ತಲ್ವಾ, 2025-26ನೇ ಸಾಲಿನಿಂದ ಒಟ್ಟು 600ಕ್ಕೆ 198, ಅಂದರೆ ಶೇಕಡಾ 33 ಬಂದು, ಪ್ರತಿ ಸಬ್ಜೆಕ್ಟ್‌ನಲ್ಲಿ ಕನಿಷ್ಠ 30 ಇದ್ದರೆ ಪಾಸು. ಒಂದರಲ್ಲಿ 30 ಬಂದು ಮಿಕ್ಕವುಗಳಲ್ಲಿ ಚೆನ್ನಾಗಿ ಬಂದಿದ್ದರೆ ದಾಟಿಬಿಡಬಹುದು. ಎಲ್ಲದರಲ್ಲೂ ಸರಿಯಾಗಿ 30 ಬಂದರೆ ಒಟ್ಟು 180, ಅದು ಸಾಲೋದಿಲ್ಲ. ಮನೆಯವರು ಇಲ್ಲೇ ಎಡವುತ್ತಾರೆ, "ಎಲ್ಲದರಲ್ಲೂ 30 ಇದೆಯಲ್ಲ, ಮತ್ಯಾಕೆ ಫೇಲು" ಅಂತ.

ಎರಡು ಮೂರು ಅಂಕದಲ್ಲಿ ಹೋಗಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ಮರುಮೌಲ್ಯಮಾಪನಕ್ಕೆ ಹಾಕಬೇಕೋ ಬೇಡವೋ ಅಂತ ಅದನ್ನು ನೋಡಿ ತೀರ್ಮಾನ ಮಾಡಿ. ಇದಕ್ಕೆ ಕೊಡುವ ಸಮಯ ಕೆಲವೇ ದಿನ. ಅಳುತ್ತಾ ಕೂತರೆ ಆ ದಿನಗಳು ಮುಗಿದುಹೋಗುತ್ತವೆ. ಮುಂದಿನ ಪರೀಕ್ಷೆಯ ಶುಲ್ಕವನ್ನೂ ಜೊತೆಗೇ ಕಟ್ಟಿಬಿಡಿ. ಮರುಮೌಲ್ಯಮಾಪನದ ಫಲಿತಾಂಶಕ್ಕೆ ಕಾಯ್ತಾ ಕೂತು ಎರಡನೇ ಪರೀಕ್ಷೆ ತಪ್ಪಿಸಿಕೊಂಡವರನ್ನು ನಾನೇ ಕಂಡಿದ್ದೇನೆ.

ಕಾಲೇಜಿಗೆ ಹೋಗಲಾರದವರ ಕಥೆ ಬೇರೆ. ಮದುವೆಯಾಗಿ ಓದು ನಿಂತವರು, ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಕೆಲಸಕ್ಕೆ ಸೇರಿದವರು ಇದ್ದಾರಲ್ಲ, ಅವರಿಗೆ ಖಾಸಗಿ ಅಭ್ಯರ್ಥಿಯಾಗಿ ಸೆಕೆಂಡ್ ಪಿಯು ಕಟ್ಟುವ ದಾರಿ ಇದೆ. ಆದರೆ ಇದು ಕಲಾ ಮತ್ತು ವಾಣಿಜ್ಯ ವಿಭಾಗಕ್ಕೆ ಮಾತ್ರ. ವಿಜ್ಞಾನಕ್ಕೆ ಲ್ಯಾಬ್ ಬೇಕು, ಪ್ರಾಕ್ಟಿಕಲ್ ಬೇಕು, ಅದು ಮನೆಯಲ್ಲಿ ಕೂತು ಆಗುವಂಥದ್ದಲ್ಲ. ಹತ್ತಿರದ ಪಿಯು ಕಾಲೇಜಿನ ಆಫೀಸಿನಲ್ಲಿ "ಖಾಸಗಿ ಅಭ್ಯರ್ಥಿ ನೋಂದಣಿ ಯಾವಾಗ" ಅಂತ ಕೇಳಿ. ಹೀಗೊಂದು ದಾರಿ ಇದೆ ಅಂತಲೇ ತುಂಬಾ ಜನಕ್ಕೆ ಗೊತ್ತಿಲ್ಲ.

ಇನ್ನು ಮುಕ್ತ ಶಾಲೆಗೆ, ಅಂದರೆ ದಿನಾ ಕಾಲೇಜಿಗೆ ಹೋಗದೆ ಓದಿ ಪರೀಕ್ಷೆ ಬರೆಯುವ ವ್ಯವಸ್ಥೆಗೆ ಬರೋಣ. ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿವಳಿಕೆ ಇರೋದು ಇದರ ಬಗ್ಗೆಯೇ. ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಎಲ್ಲೋ ಟ್ಯುಟೋರಿಯಲ್‌ನವರು ನಡೆಸುವ ಬೋರ್ಡ್ ಅಂದುಕೊಂಡವರು ಬಹಳ ಜನ. ಹಾಗಲ್ಲ, ಇದು ಕೇಂದ್ರ ಸರ್ಕಾರದ್ದು. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಯಿತು, 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು, ಈಗಿನ ಹೆಸರು ಬಂದಿದ್ದು 2002ರಲ್ಲಿ. ಮುಖ್ಯ ಕಚೇರಿ ನೋಯ್ಡಾದಲ್ಲಿದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಇಲ್ಲಿ ಪಿಯುಸಿಗೆ ಸಮನಾದ ಕೋರ್ಸಿನ ಹೆಸರು ಸೀನಿಯರ್ ಸೆಕೆಂಡರಿ.

ಇದರ ಒಳಗಿನ ಲೆಕ್ಕ ಹೀಗಿದೆ. ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು ಕನಿಷ್ಠ 15 ಆಗಿರಬೇಕು, ಗರಿಷ್ಠ ವಯಸ್ಸು ಅಂತ ಏನಿಲ್ಲ. ಸರ್ಟಿಫಿಕೇಟ್‌ಗೆ ಐದು ಸಬ್ಜೆಕ್ಟ್ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಬೇಕಿದ್ದರೆ ಇನ್ನೆರಡು ಸೇರಿಸಿ ಏಳು ಮಾಡಿಕೊಳ್ಳಬಹುದು. ಸೈನ್ಸು, ಆರ್ಟ್ಸು, ಕಾಮರ್ಸು ಅಂತ ಗೋಡೆ ಇಲ್ಲ. ಭೌತಶಾಸ್ತ್ರದ ಜೊತೆ ಚಿತ್ರಕಲೆ ತೊಗೊಂಡರೆ ಯಾರೂ ಬೇಡ ಅನ್ನಲ್ಲ, ಲೆಕ್ಕಶಾಸ್ತ್ರದ ಜೊತೆ ಮನಃಶಾಸ್ತ್ರ ಆದರೂ ಆಯಿತು. ಒಮ್ಮೆ ನೋಂದಣಿ ಆದರೆ ಐದು ವರ್ಷ ನಡೆಯುತ್ತದೆ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಐದು ವರ್ಷದಲ್ಲಿ ಒಟ್ಟು ಒಂಬತ್ತು ಅವಕಾಶ. ಈ ಸಲ ಇಂಗ್ಲಿಷ್ ಮತ್ತು ಇತಿಹಾಸ, ಮುಂದಿನ ಸಲ ಅರ್ಥಶಾಸ್ತ್ರ, ಅದರ ಮುಂದಿನ ಸಲ ಮಿಕ್ಕಿದ್ದು ಅಂತ ಒಂದೊಂದಾಗಿ ಕಟ್ಟಬಹುದು. ಪಾಸಾದದ್ದು ನಿಮ್ಮ ಖಾತೆಯಲ್ಲಿ ಜಮಾ ಆಗಿ ಕೂತಿರುತ್ತದೆ, ಐದು ಆದಾಗ ಸರ್ಟಿಫಿಕೇಟ್. ಆರ್‌ಡಿ ಕಟ್ಟಿದ ಹಾಗೆ ಅಂದುಕೊಳ್ಳಿ, ತಿಂಗಳ ಕಂತಿನ ಬದಲು ಸಬ್ಜೆಕ್ಟ್ ಕಂತು. ಇವೆರಡು ಪರೀಕ್ಷೆ ಬಿಟ್ಟು ಬೇಡಿಕೆ ಮೇರೆಗೆ ನಡೆಯುವ ಪರೀಕ್ಷೆ ಅಂತ ಇನ್ನೊಂದಿದೆ, ಆಯ್ದ ಕೇಂದ್ರಗಳಲ್ಲಿ, ದಿನಾಂಕ ನೀವೇ ಆರಿಸಿಕೊಂಡು ಬರೆಯುವಂಥದ್ದು.

ಕೆಲಸ ಮಾಡುವವರಿಗೆ, ಆಟದಲ್ಲಿ ಇರುವವರಿಗೆ, ಕಾಯಿಲೆ ಬಿದ್ದು ವರ್ಷಗಟ್ಟಲೆ ಕಾಲೇಜು ತಪ್ಪಿದವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಪಾಸಾಗಲು ಶೇಕಡಾ 33 ಬೇಕು. ಪ್ರಾಕ್ಟಿಕಲ್ ಇರುವ ಸಬ್ಜೆಕ್ಟ್ ಆದರೆ ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ಬರಬೇಕು. ಇದರ ಜೊತೆ ಅಸೈನ್‌ಮೆಂಟ್ ಬರೆದು ಕೊಡಬೇಕು, ಅದಕ್ಕೆ ಶೇಕಡಾ 20ರ ತೂಕ ಇದೆ. ತುಂಬಾ ಜನ ಇದನ್ನು ತಾತ್ಸಾರ ಮಾಡಿ ಕೈಗೆ ಬಂದ ಅಂಕ ಬಿಡುತ್ತಾರೆ.

ಈಗ ನಿಜವಾದ ಪ್ರಶ್ನೆ. ಸೆಕೆಂಡ್ ಪಿಯುನಲ್ಲಿ ಹೋದವರು ಪಿಯುಸಿಯಲ್ಲೇ ಮತ್ತೆ ಕಟ್ಟಬೇಕಾ, ಎನ್‌ಐಒಎಸ್‌ಗೆ ಹೋಗಬೇಕಾ?

ಇದಕ್ಕೆ ಭಾವನೆ ಬೇಡ, ಕೂಡಿ ಕಳೆದರೆ ಸಾಕು. ಬೇರೆ ಬೋರ್ಡಿನಲ್ಲಿ ಪಾಸಾದ ಎರಡು ಸಬ್ಜೆಕ್ಟ್‌ವರೆಗೆ ಎನ್‌ಐಒಎಸ್ ವರ್ಗಾಯಿಸಿಕೊಳ್ಳುತ್ತದೆ, ಕ್ರೆಡಿಟ್ ವರ್ಗಾವಣೆ ಅನ್ನುತ್ತಾರೆ. ಎರಡೇ, ಅದಕ್ಕಿಂತ ಜಾಸ್ತಿ ಇಲ್ಲ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಹುಡುಗಿಯೊಬ್ಬಳು ಭೌತಶಾಸ್ತ್ರ, ಗಣಿತ ಎರಡರಲ್ಲಿ ಹೋದಳು ಅಂತಿಟ್ಟುಕೊಳ್ಳಿ. ಪಿಯುಸಿಯಲ್ಲೇ ಇದ್ದರೆ ಆಕೆ ಬರೆಯಬೇಕಾದದ್ದು ಎರಡು. ಎನ್‌ಐಒಎಸ್‌ಗೆ ಹೋದರೆ ಐದರಲ್ಲಿ ಎರಡು ವರ್ಗಾವಣೆ ಆಗಿ ಮೂರು ಹೊಸದಾಗಿ ಬರೆಯಬೇಕು. ಪಾಸಾಗಿದ್ದ ಇನ್ನೆರಡು ಸಬ್ಜೆಕ್ಟ್ ಸುಮ್ನೆ ವ್ಯರ್ಥ. ಅಂಥವಳಿಗೆ ಪರೀಕ್ಷೆ 2 ಇರುವಾಗ ಬೋರ್ಡ್ ಬದಲಿಸು ಅಂತ ಹೇಳುವವರು ಅವಳ ಪರವಾಗಿ ಯೋಚಿಸ್ತಾ ಇಲ್ಲ.

ನಾಲ್ಕು ಸಬ್ಜೆಕ್ಟ್ ಹೋಗಿದ್ದರೆ? ಪಿಯುಸಿಯಲ್ಲಿ ನಾಲ್ಕು, ಎನ್‌ಐಒಎಸ್‌ನಲ್ಲಿ ಮೂರು. ಇಲ್ಲಿ ತಕ್ಕಡಿ ಆ ಕಡೆ ವಾಲುತ್ತದೆ. ಇನ್ನೂ ದೊಡ್ಡ ವ್ಯತ್ಯಾಸ ಬೇರೆ ಇದೆ. ಪಿಯುಸಿಯಲ್ಲಿ ಹೋದ ಸಬ್ಜೆಕ್ಟನ್ನೇ ಕಟ್ಟಬೇಕು. ಗಣಿತ ತಲೆಗೆ ಹತ್ತಲ್ಲ ಅಂತ ಗೊತ್ತಾದ ಮೇಲೂ ಅದೇ ಗಣಿತ, ಮೂರನೇ ಸಲ, ನಾಲ್ಕನೇ ಸಲ. ಎನ್‌ಐಒಎಸ್‌ನಲ್ಲಿ ಆ ಗಣಿತವನ್ನು ಬಿಟ್ಟು ಗೃಹ ವಿಜ್ಞಾನವನ್ನೋ ಸಮೂಹ ಸಂವಹನವನ್ನೋ ತೊಗೊಳ್ಳಬಹುದು. ಎರಡು ಸಬ್ಜೆಕ್ಟ್ ಮಾತ್ರ ಹೋಗಿದ್ದು, ಆ ಎರಡನ್ನೂ ಈ ಜನ್ಮದಲ್ಲಿ ದಾಟಲಾರೆ ಅನ್ನುವವರಿಗೂ ಆಗ ಮೂರು ಹೊಸ ಸಬ್ಜೆಕ್ಟ್ ಹಗುರವೇ. ಎಂಜಿನಿಯರಿಂಗ್ ಆಸೆ ಬಿಟ್ಟಿದ್ದೇವೆ, ಬಿಎ ಸೇರೋದು ಅಂತ ಮನೆಯಲ್ಲಿ ಮಾತು ಮುಗಿದಿದ್ದರೆ ಗಣಿತದ ಹಿಂದೆ ಇನ್ನೂ ಒಂದು ವರ್ಷ ಓಡಿಸೋದರಲ್ಲಿ ಏನು ಅರ್ಥ ಇದೆ ಅಂತ ನನಗಂತೂ ಗೊತ್ತಾಗಲ್ಲ.

ಕೆಲವು ಮುಳ್ಳುಗಳೂ ಇವೆ. ಹತ್ತನೇ ತರಗತಿ ಪಾಸಾದ ಮೇಲೆ ಎರಡು ವರ್ಷದ ಅಂತರ ಇಲ್ಲದೆ ಸೀನಿಯರ್ ಸೆಕೆಂಡರಿ ಸರ್ಟಿಫಿಕೇಟ್ ಸಿಗುವುದಿಲ್ಲ. "ಎಸ್ಸೆಸ್ಸೆಲ್ಸಿ ಆದ ಒಂದೇ ವರ್ಷದಲ್ಲಿ ಪಿಯುಸಿ" ಅಂತ ಆಟೋ ಹಿಂದೆ, ಕರೆಂಟ್ ಕಂಬದ ಮೇಲೆ ಬೋರ್ಡ್ ನೋಡಿದರೆ ಇದು ನೆನಪಿರಲಿ. ಫಸ್ಟ್ ಪಿಯುನಲ್ಲಿ ಹೋದವರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಿಡಿದು ಎನ್‌ಐಒಎಸ್ ಸೇರಬಹುದು, ಫಸ್ಟ್ ಪಿಯು ಅಂಕ ಅಲ್ಲಿ ಲೆಕ್ಕಕ್ಕೇ ಬರಲ್ಲ. ಆದರೆ ಅಲ್ಲಿಂದ ವಾಪಸ್ ಬರೋ ದಾರಿ ಇಲ್ಲ. ಒಂದು ವರ್ಷ ಎನ್‌ಐಒಎಸ್ ಓದಿ, ಅದನ್ನೇ ಫಸ್ಟ್ ಪಿಯು ಅಂತ ತೋರಿಸಿ ಸೆಕೆಂಡ್ ಪಿಯುಗೆ ಸೇರುತ್ತೇನೆ ಅಂದರೆ ಆಗದು, ಯಾಕಂದರೆ ಅಲ್ಲಿ ಹನ್ನೊಂದನೇ ತರಗತಿ ಅನ್ನೋ ಮೆಟ್ಟಿಲೇ ಇಲ್ಲ. ಹೋದರೆ ಪೂರ್ತಿ ಮುಗಿಸಿಕೊಂಡೇ ಬರಬೇಕು.

ಇದಕ್ಕೆ ಬೆಲೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ಗೆ ಐದು ಸಬ್ಜೆಕ್ಟ್‌ನ ಎನ್‌ಐಒಎಸ್ ಪ್ರಮಾಣಪತ್ರ ನಡೆಯುತ್ತದೆ. ಮೆಡಿಕಲ್ ಪ್ರವೇಶ ಪರೀಕ್ಷೆಯಾದ ನೀಟ್ ವಿಷಯದಲ್ಲಿ ಒಂದು ದೊಡ್ಡ ಗಲಾಟೆಯೇ ಆಗಿತ್ತು. 2018ರಲ್ಲಿ ಮುಕ್ತ ಶಾಲೆಯವರು ನೀಟ್ ಬರೆಯುವಂತಿಲ್ಲ ಅಂದರು. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು, ಕೋರ್ಟು ಆ ನಿಷೇಧವನ್ನು ತೆಗೆದುಹಾಕಿತು. ಮೇಲ್ಮನವಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2024ರಲ್ಲಿ ಮುಗಿಯಿತು, ಮಾನ್ಯತೆ ಇರುವ ಮುಕ್ತ ಶಾಲೆಯವರಿಗೆ ಅಡ್ಡಿ ಇಲ್ಲ ಅಂತ. ಊರ ಕಡೆ ಇನ್ನೂ 2018ರ ಸುದ್ದಿಯೇ ಓಡಾಡ್ತಿದೆ.

ಮೆಡಿಕಲ್ ಮಾತು ಬಂದಿದ್ದರಿಂದ ಇನ್ನೊಂದು. ಪಿಯುಸಿಯಲ್ಲಿ ಪಿಸಿಎಂಸಿ, ಅಂದರೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ತೊಗೊಂಡು ಪಾಸಾಗಿ, ಆಮೇಲೆ ಡಾಕ್ಟರ್ ಆಗಬೇಕಿತ್ತು ಅಂತ ಅನ್ನಿಸಿದವರು ಮೊದಲಾಗಿದ್ದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕಿತ್ತು. ಈಗ ಜೀವಶಾಸ್ತ್ರ ಒಂದನ್ನೇ ಹೆಚ್ಚುವರಿ ಸಬ್ಜೆಕ್ಟ್ ಆಗಿ ಕಟ್ಟಿದರೂ ನೀಟ್ ಬರೆಯಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಹೀಗೆ ಒಂದೆರಡು ಸಬ್ಜೆಕ್ಟ್ ಮಾತ್ರ ಸೇರಿಸಿಕೊಳ್ಳಲು ಎನ್‌ಐಒಎಸ್‌ನಲ್ಲಿ ಭಾಗಶಃ ಪ್ರವೇಶ ಅಂತ ಇದೆ. ಕಾಂಬಿನೇಷನ್ ತಪ್ಪಾಯ್ತು ಅಂತ ಜೀವನಪೂರ್ತಿ ಕೊರಗೋ ಕಾಲ ಹೋಯ್ತು.

ಇಷ್ಟು ಹೊತ್ತು ಮುಗಿಸೋ ಮಾತಾಯಿತು. ಪಿಯುಸಿಯೇ ಬೇಡ, ಬಿಟ್ಟುಬಿಡುತ್ತೇನೆ ಅನ್ನುವ ಹುಡುಗರ ಬಗ್ಗೆ ನಮ್ಮಲ್ಲಿ ಒಂದೋ ಬೈಗುಳ ಇದೆ, ಇಲ್ಲಾ ಮರುಕ ಇದೆ. ಲೆಕ್ಕ ಹಾಕುವವರು ಮಾತ್ರ ಕಡಿಮೆ. ಹಾಕಿ ನೋಡೋಣ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು ಮೂರು. ಅದೂ ಆರೇ! ವ್ಯತ್ಯಾಸ ಏನಂದರೆ, ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ ಡಿಪ್ಲೊಮಾದವನ ಕೈಯಲ್ಲಿ ಕೆಲಸ ಕೊಡಿಸುವ ಕಾಗದ ಇರುತ್ತದೆ. ಪಿಯುಸಿ ಮಾತ್ರ ಆದವನ ಕೈಯಲ್ಲಿ ಇನ್ನೊಂದು ಕೋರ್ಸಿಗೆ ಸೇರಿಸುವ ಕಾಗದ ಇರುತ್ತದೆ. ಮನೆಯ ಪರಿಸ್ಥಿತಿ ಯಾವಾಗ ಏನಾಗುತ್ತೋ ಗೊತ್ತಿಲ್ಲ ಅನ್ನುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಐಟಿಐ ಇನ್ನೂ ಬೇಗ ಕೆಲಸಕ್ಕೆ ತಲುಪಿಸುತ್ತದೆ. ಎರಡು ವರ್ಷದ ಟ್ರೇಡ್ ಮುಗಿಸಿದವರು ಮನಸ್ಸು ಮಾಡಿದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಬಿಇ. ಒಟ್ಟು ಏಳು ವರ್ಷ, ಪಿಯುಸಿ ದಾರಿಗಿಂತ ಒಂದೇ ವರ್ಷ ಜಾಸ್ತಿ. ಐಟಿಐ ಮಾಡಿದವರಿಗೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಸಿಗುವ ಹಾಗೆ ಎನ್‌ಐಒಎಸ್ ಜೊತೆ 2016ರಲ್ಲೇ ಒಪ್ಪಂದ ಆಗಿದೆ. ಟ್ರೇಡ್‌ನಲ್ಲಿ ಕಲಿತದ್ದಕ್ಕೆ ಕ್ರೆಡಿಟ್ ಸಿಗುತ್ತದೆ, ಭಾಷೆಯಂಥ ಸಬ್ಜೆಕ್ಟ್ ಮಾತ್ರ ಬರೆದರೆ ಆಯಿತು. ಪೊಲೀಸ್ ಕೆಲಸಕ್ಕೋ ಬೇರೆ ಸರ್ಕಾರಿ ಹುದ್ದೆಗೋ ಪಿಯುಸಿ ಕೇಳಿದಾಗ ಕೈ ಕೈ ಹಿಸುಕಿಕೊಳ್ಳುವ ಐಟಿಐ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಕೈಕೆಲಸದಲ್ಲಿ ಚುರುಕಿರುವ ಮಕ್ಕಳಿಗೆ ಸರ್ಕಾರದ ಜಿಟಿಟಿಸಿ (ಉಪಕರಣಾಗಾರ ಮತ್ತು ತರಬೇತಿ) ಕೇಂದ್ರಗಳೂ ಇವೆ, ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಲ್ಲಿನ ಹಳೇ ಹೆಸರುವಾಸಿ ಕೋರ್ಸು, ಎಸ್ಸೆಸ್ಸೆಲ್ಸಿ ಸಾಕು.

ಫಸ್ಟ್ ಪಿಯು ಮಧ್ಯದಲ್ಲಿ ಬಿಟ್ಟವರಿಗೂ ಈ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ಯಾಕಂದರೆ ಇವೆಲ್ಲ ನೋಡೋದು ಎಸ್ಸೆಸ್ಸೆಲ್ಸಿ ಅಂಕವನ್ನು. ಅಕ್ಟೋಬರ್‌ನಲ್ಲಿ ಬಿಟ್ಟು ಜೂನ್‌ವರೆಗೆ ಮನೆಯಲ್ಲಿ ಕೂರುವ ಬದಲು ಆ ತಿಂಗಳುಗಳಲ್ಲಿ ಒಂದು ಕಿರು ಕೋರ್ಸನ್ನೋ ಸ್ಪೋಕನ್ ಇಂಗ್ಲಿಷನ್ನೋ ಮಾಡಿಸಿದರೆ ಹುಡುಗ ಕತ್ತಲೆ ಕೋಣೆ ಸೇರುವುದು ತಪ್ಪುತ್ತದೆ. ಇದು ನಿಯಮ ಪುಸ್ತಕದಲ್ಲಿರುವ ಮಾತಲ್ಲ, ಕಂಡಿದ್ದು.

ಮೋಸದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. "ಪರೀಕ್ಷೆ ಬರೆಯದೆ ಪಾಸು", "ಹಿಂದಿನ ವರ್ಷದ ದಿನಾಂಕ ಹಾಕಿ ಕೊಡ್ತೀವಿ" ಅನ್ನುವವರ ಬಳಿ ಚಹಾ ಕೂಡ ಕುಡಿಯಬೇಡಿ. ದೆಹಲಿ ಹೆಸರಿಟ್ಟುಕೊಂಡ, ಕೇಳಲು ಸರ್ಕಾರಿ ಅನ್ನಿಸುವ ಬೋರ್ಡುಗಳು ಸಾಕಷ್ಟಿವೆ. ಬೋರ್ಡಿನ ಹೆಸರು ಕೋಬ್ಸೆ, ಅಂದರೆ ದೇಶದ ಶಾಲಾ ಮಂಡಳಿಗಳ ಒಕ್ಕೂಟದ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ, ಆಮೇಲೆ ದುಡ್ಡಿನ ಮಾತು. ಎನ್‌ಐಒಎಸ್ ಪ್ರವೇಶಕ್ಕೆ ಮಧ್ಯವರ್ತಿಯೇ ಬೇಡ, ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಟ್ಯುಟೋರಿಯಲ್‌ನವರು ಪಾಠಕ್ಕೆ ಶುಲ್ಕ ತೊಗೊಂಡರೆ ಅದು ಅವರ ಕಸುಬು. ಅರ್ಜಿ ತುಂಬಿದ್ದಕ್ಕೇ ಹತ್ತಾರು ಸಾವಿರ ಕೇಳಿದರೆ ಎದ್ದು ಬನ್ನಿ. ಇನ್ನೊಂದು ಗೊಂದಲ ಇಗ್ನೋದ, ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ, ಬಿಪಿಪಿ ಅನ್ನೋ ಪದವಿಪೂರ್ವ ತಯಾರಿ ಕೋರ್ಸಿನದ್ದು. ಪಿಯುಸಿ ಇಲ್ಲದವರು ಅದನ್ನು ಮಾಡಿ ಇಗ್ನೋ ಪದವಿಗೆ ಸೇರುವ ವ್ಯವಸ್ಥೆ ಅದು, ಪಿಯುಸಿಗೆ ಸಮ ಅಲ್ಲ. ಪಿಯುಸಿ ಕಡ್ಡಾಯ ಅಂತ ಹೇಳಿದ ಕೆಲಸಕ್ಕೆ ಅದನ್ನು ಹಿಡಿದುಕೊಂಡು ಹೋದರೆ ಬರಿಗೈಯಲ್ಲಿ ವಾಪಸ್.

ಮುಗಿಸಿ, ಬಿಡಿ, ಬೋರ್ಡ್ ಬದಲಿಸಿ, ಏನೇ ಮಾಡಿ, ಕಾಲೇಜಿನಿಂದ ಹೊರಬೀಳುವಾಗ ಕಾಗದಗಳನ್ನು ಬಿಟ್ಟು ಬರಬೇಡಿ. ಟಿಸಿ, ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ, ಫಸ್ಟ್ ಪಿಯು ಅಂಕಪಟ್ಟಿ, ಫೇಲಾಗಿದ್ದರೂ ಸೆಕೆಂಡ್ ಪಿಯು ಅಂಕಪಟ್ಟಿ. ಕ್ರೆಡಿಟ್ ವರ್ಗಾವಣೆಗೆ ಆ ಫೇಲಾದ ಅಂಕಪಟ್ಟಿಯೇ ಆಧಾರ, ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಜೊತೆಗೆ ವ್ಯಾಸಂಗ ಪ್ರಮಾಣಪತ್ರ. ಸಿಇಟಿಯಲ್ಲಿ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ದಾಖಲೆ ಕೇಳುತ್ತಾರೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗಿನ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರಬೇಕು. ಓದು ಬಿಟ್ಟು ಮೂರು ವರ್ಷವಾದ ಮೇಲೆ ಹಳೇ ಶಾಲೆಗೆ ಹೋದರೆ ಹೆಡ್‌ಮಾಸ್ಟರ್ ವರ್ಗವಾಗಿರುತ್ತಾರೆ, ರಿಜಿಸ್ಟರ್ ಇರುವ ಬೀರುವಿನ ಬೀಗದ ಕೈ ಇನ್ಯಾರ ಬಳಿಯೋ ಇರುತ್ತದೆ. ಈಗಲೇ ಒಂದು ದಿನ ರಜ ಹಾಕಿ, ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ.